ಒಂದು ಕೆಜಿ ಉಪ್ಪು ಎಷ್ಟು ದಿನ?

2025ರ ಜೂನ್ ತಿಂಗಳನ್ನು ಹಾಸನದವರು ಅಷ್ಟು ಸುಲಭವಾಗಿ ಮರೆಯುವುದಿಲ್ಲ. ಬೆಳಗ್ಗೆ ಎದ್ದು ಮೊಬೈಲ್ ಹಿಡಿದರೆ ಇನ್ನೊಂದು ಹೃದಯಾಘಾತದ ಸುದ್ದಿ. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಟಿವಿಯವರು ದಿನಾ ಸಂಖ್ಯೆ ಕೂಡಿಸಿ ಹೇಳುತ್ತಿದ್ದರು. ಜುಲೈ ಹೊತ್ತಿಗೆ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನವೋ ಜನ. ನಮ್ಮ ಬೀದಿಯಿಂದಲೇ ಐದು ಜನ ಕಾರು ಮಾಡಿಕೊಂಡು ಹೋಗಿ ಎದೆ ತೋರಿಸಿಕೊಂಡು ಬಂದರು.

ನನಗೆ 44 ವರ್ಷ. ಎಪಿಎಂಸಿ ಹತ್ತಿರ ಗೊಬ್ಬರ, ಔಷಧಿ ಅಂಗಡಿ ಇದೆ. ಆಲೂಗಡ್ಡೆಗೆ ಔಷಧಿ ಹೊಡೆಯುವ ಕಾಲ ಅದು, ಉಸಿರಾಡಲು ಪುರುಸೊತ್ತಿಲ್ಲ. ಒಂದು ರಾತ್ರಿ ಎಡಭುಜ ನೋಯುತ್ತಿದೆ ಅಂತ ಬಾಯಿಬಿಟ್ಟೆ ನೋಡಿ, ಮುಗಿಯಿತು. ಮಧ್ಯಾಹ್ನ ಗೊಬ್ಬರದ ಮೂಟೆ ಎತ್ತಿದ್ದು ನನಗೆ ಗೊತ್ತಿತ್ತು. ಆದರೂ ಒಳಗೊಳಗೇ ಪುಕಪುಕ. "ರೀ, ನಾಳೆ ಅಂಗಡಿ ಬಾಗಿಲು ತೆಗೆಯೋದು ಬೇಡ" ಅಂದಳು ಹೆಂಡತಿ. ನಾನೂ ಎದುರಾಡಲಿಲ್ಲ.

ಮೈಸೂರಿನವರೆಗೆ ಹೋಗಲಿಲ್ಲ, ಊರಲ್ಲೇ ಒಂದು ಆಸ್ಪತ್ರೆಗೆ ಹೋದೆ. ಅಲ್ಲೂ ಸಾಲು. ಹೊರಗೆ ಜಿಟಿಜಿಟಿ ಮಳೆ, ಒಳಗೆ ಒದ್ದೆ ಕೊಡೆಗಳ ವಾಸನೆ. ಪಕ್ಕದಲ್ಲಿ ಕೂತವರೆಲ್ಲ ತಮ್ಮ ತಮ್ಮ ಎದೆಯ ಕಥೆ ಹೇಳುತ್ತಿದ್ದರು. ಒಬ್ಬರಿಗೆ ಉರಿ, ಇನ್ನೊಬ್ಬರಿಗೆ ಚುಚ್ಚು, ಮತ್ತೊಬ್ಬರಿಗೆ ಏನೂ ಇಲ್ಲ, ಭಯ ಮಾತ್ರ. ನನ್ನ ಸರದಿ ಬರುವಷ್ಟರಲ್ಲಿ ಮೂರು ಕಾಫಿ ಆಗಿತ್ತು.

ಇಸಿಜಿ ನಾರ್ಮಲ್ ಬಂತು. ಆ ಕಾಗದ ಹಿಡಿದುಕೊಂಡು ಕಾರಿಡಾರಿನಲ್ಲೇ ಹೆಂಡತಿಗೆ ಫೋನ್ ಮಾಡಿದೆ. ಭುಜದ ನೋವೂ ಹೋದಂತೆ ಅನಿಸಿತು. ಚೀಟಿಯ ಮೂಲೆಯಲ್ಲಿ ಸಿಸ್ಟರ್ ಬರೆದಿದ್ದ 168/104 ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಡಾಕ್ಟರ್ ಇಸಿಜಿಯನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟರು. ಆ ಮೂಲೆಯನ್ನೇ ನೋಡುತ್ತಾ, "ಬಿಪಿ ಯಾವಾಗಿಂದ ಇದೆ?" ಅಂತ ಕೇಳಿದರು.

"ನನಗೆಲ್ಲಿ ಬಿಪಿ ಸಾರ್? ನಾನು ಕೋಪಾನೇ ಮಾಡಿಕೊಳ್ಳಲ್ಲ" ಅಂದೆ.

ನಮ್ಮ ಕಡೆ ಬಿಪಿ ಅಂದರೆ ಕೋಪ ಅಲ್ವಾ? "ನನ್ನ ಬಿಪಿ ಏರಿಸಬೇಡ" ಅಂತ ಬೈಯುತ್ತೇವೆ. ಹಾಗಾಗಿ ತಣ್ಣಗಿರುವವರಿಗೆ ಬಿಪಿ ಬರಲ್ಲ ಅಂತ ನಾನು ನಿಜವಾಗಿಯೂ ನಂಬಿದ್ದೆ. ತಲೆ ಸುತ್ತಿಲ್ಲ, ತಲೆನೋವಿಲ್ಲ. ಬೆಳಗ್ಗೆಯಿಂದ ಕಾದಿದ್ದು, ಕಾಫಿ, ಟೆನ್ಶನ್ ಅಂತ ಕಾರಣಗಳನ್ನು ಒಂದೊಂದಾಗಿ ಮುಂದಿಟ್ಟೆ.

ಅವರು ಅದನ್ನು ತಳ್ಳಿಹಾಕಲಿಲ್ಲ. ಕಾಫಿ ಕುಡಿದು ಅರ್ಧ ಗಂಟೆಯಾದರೂ ಬಿಟ್ಟು ನೋಡಬೇಕು, ಆಸ್ಪತ್ರೆ ಅಂದರೇ ಕೆಲವರಿಗೆ ಏರುತ್ತದೆ ಅಂದರು. ಹತ್ತು ನಿಮಿಷ ಮಾತಾಡದೆ ಕೂರಿಸಿ ಎರಡೂ ತೋಳಿಗೆ ಪಟ್ಟಿ ಸುತ್ತಿಸಿದರು. ಹೆಚ್ಚು ಬಂದದ್ದು 162/100. ಮೂಟೆ ಎತ್ತುವವನು ಅಂತ ಗೊತ್ತಾದ ಮೇಲೆ, "ನೋವಿಗೆ ಮಾತ್ರೆ ತಗೋತೀರಾ?" ಅಂದರು. ವಾರಕ್ಕೆ ನಾಲ್ಕಾದರೂ ಡೈಕ್ಲೋಫೆನಾಕ್ ನುಂಗುತ್ತಿದ್ದೆ, ಮೆಡಿಕಲ್‌ನಲ್ಲಿ ಕೇಳಿ ಪಡೆದು. ಆ ಜಾತಿಯ ಮಾತ್ರೆಗಳು ಬಿಪಿ ಏರಿಸುತ್ತವಂತೆ, ಕಿಡ್ನಿಗೂ ತೊಂದರೆಯಂತೆ. ಅಂಗಡಿಗೆ ಬಂದವರಿಗೆ ಔಷಧಿ ಡಬ್ಬಿಯ ಮೇಲಿನ ಎಚ್ಚರಿಕೆ ಓದಿ ಹೇಳುವವನು ನಾನು!

ಒಂದು ವಾರ ಮನೆಯಲ್ಲೇ ನೋಡಿ ಬರೆದುಕೊಂಡು ಬನ್ನಿ ಅಂದರು. ರಕ್ತ, ಮೂತ್ರದ ಪರೀಕ್ಷೆಗೂ ಬರೆದುಕೊಟ್ಟರು. ತೋಳಿಗೆ ಸುತ್ತುವ ಮಿಷನ್ ತಂದೆ. ಮೊದಲ ದಿನ ಅಂಗಿ ತೋಳಿನ ಮೇಲೇ ಸುತ್ತಿಕೊಂಡು, ಫೋನಿನಲ್ಲಿ ಗಿರಾಕಿಯ ಬಾಕಿ ಕೇಳುತ್ತಾ ಬಟನ್ ಒತ್ತಿದೆ. ಎಷ್ಟು ಬಂದಿರಬಹುದು ಅಂತ ನೀವೇ ಊಹಿಸಿ. ಆಮೇಲೆ ಮಗಳು ಡಾಕ್ಟರ್ ಹೇಳಿದ್ದನ್ನೆಲ್ಲ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದಳು. ಮೂತ್ರಕ್ಕೆ ಹೋಗಿ ಬಂದು, ಬೆನ್ನು ಕುರ್ಚಿಗೆ ಒರಗಿಸಿ, ಪಾದ ನೆಲಕ್ಕೆ ಊರಿ, ಬರೀ ತೋಳನ್ನು ಎದೆ ಮಟ್ಟಕ್ಕೆ ಮೇಜಿನ ಮೇಲಿಟ್ಟು ಐದು ನಿಮಿಷ ಸುಮ್ನೆ ಕೂರಬೇಕು. ಬೆಳಗ್ಗೆ ಎರಡು ಸಲ, ಸಂಜೆ ಎರಡು ಸಲ. ಮೊದಲ ದಿನದ್ದು ಲೆಕ್ಕಕ್ಕಿಲ್ಲ. ಉಳಿದ ಆರು ದಿನದ ಸರಾಸರಿ ನೋಡಿದರೆ 152/96. ಮನೆಯಲ್ಲಿ ನೋಡಿದಾಗ 135/85 ದಾಟಬಾರದು. ನನ್ನ ಕಾರಣಗಳೆಲ್ಲ ಖಾಲಿ.

ಆ ವಾರವೇ ಒಬ್ಬ ಹಳೇ ಗಿರಾಕಿ ಬಂದಿದ್ದರು, ದುದ್ದದ ಕಡೆಯವರು. ಮೋಡ ಮುಸುಕಿದ ವಾತಾವರಣ, ಆಲೂಗಡ್ಡೆಗೆ ಅಂಗಮಾರಿ ರೋಗ ಬರುವ ಹೊತ್ತು. ಎಲೆಯಲ್ಲಿ ಚುಕ್ಕೆ ಕಾಣುವ ಮುಂಚೆಯೇ ಮ್ಯಾಂಕೋಜೆಬ್ ಹೊಡೀರಿ ಅಂತ ಅವರಿಗೆ ಹೇಳುತ್ತಿದ್ದೆ. ಮಾತಿನ ಮಧ್ಯೆ ನನ್ನ ಬಿಪಿ ವಿಷಯವೂ ಬಂತು. "ಏನೂ ಆಗ್ತಿಲ್ಲ ಅಲ್ವಾ ಅಣ್ಣ, ಮಾತ್ರೆ ಯಾಕೆ ಅಂತ ಯೋಚನೆ" ಅಂದೆ. ಅವರು ಪ್ಯಾಕೆಟ್ ಎತ್ತಿ ತೋರಿಸಿ, "ಮತ್ತೆ ಇದನ್ ಯಾಕಪ್ಪ ನಂಗೆ ಮಾರ್ತಿದ್ದೀಯ?" ಅಂದರು. ದುಡ್ಡು ಕೊಟ್ಟು ಹೊರಟುಹೋದರು.

ಬಿಪಿಗೆ ಟೆಲ್ಮಿಸಾರ್ಟನ್ 40 ಮಾತ್ರೆ ಶುರುವಾಯಿತು, ದಿನಕ್ಕೊಂದು. ಮಿಷನ್ ಮನೆಗೆ ಬಂದಿದ್ದರಿಂದ ಇನ್ನೊಂದು ಗುಟ್ಟು ರಟ್ಟಾಯಿತು. ಅವ್ವನಿಗೆ ವರ್ಷಗಳಿಂದ ಬಿಪಿ ಇದೆ, ಅಮ್ಲೋಡಿಪಿನ್ ನುಂಗುತ್ತಾಳೆ ಅಂತಲೇ ನಾವಂದುಕೊಂಡಿದ್ದೆವು. ತಮಾಷೆಗೆ ಅವಳ ತೋಳಿಗೂ ಸುತ್ತಿದರೆ 178! ಕೆಳಗಿನ ಸಂಖ್ಯೆ ಮಾತ್ರ 84. ಡಬ್ಬಿ ತೆಗೆದು ನೋಡಿದರೆ ಎರಡು ತಿಂಗಳ ಮಾತ್ರೆ ಹಾಗೇ ಇದೆ. "ಕಾಲು ಊದ್ಕಂತು ಕಣ್ ಮಗ. ಕಿಡ್ನಿ ಹೋಯ್ತೇನೋ ಅಂತ ನಿಲ್ಲಿಸ್ದೆ" ಅಂದಳು. ಆ ಮಾತ್ರೆಯಿಂದ ಕೆಲವರಿಗೆ ಕಾಲಿನ ಗಿಣ್ಣು ಊದುತ್ತದಂತೆ. ಡಾಕ್ಟರಿಗೆ ಹೇಳಿದ್ದಕ್ಕೆ ಮಾತ್ರೆ ಬದಲಿಸಿದರು, ಊತ ಇಳಿಯಿತು. ಒಂದು ಮಾತು ಕೇಳಿದ್ದರೆ ಸಾಕಿತ್ತು. ಅವಳು ಕೇಳಲಿಲ್ಲ, ನಾವೂ ವಿಚಾರಿಸಲಿಲ್ಲ.

ಜುಲೈನಲ್ಲಿ ತಜ್ಞರ ಸಮಿತಿಯ ವರದಿ ಬಂತು. ಜಿಲ್ಲೆಯಲ್ಲಿ ಹೃದಯಾಘಾತ ಅಸಹಜವಾಗಿ ಏರಿಲ್ಲ ಅಂದರು. ಆಸ್ಪತ್ರೆಯ ಸಾಲು ಕರಗಿತು. ಕಾರು ಮಾಡಿಕೊಂಡು ಮೈಸೂರಿಗೆ ಹೋಗಿದ್ದ ನಮ್ಮ ಬೀದಿಯ ಐವರಲ್ಲಿ ಒಬ್ಬರಿಗೂ ತಮ್ಮ ಬಿಪಿ ಎಷ್ಟಿತ್ತು ಅನ್ನುವುದು ನೆನಪಿಲ್ಲ. ಇಸಿಜಿ ಮಾತ್ರ ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿದೆ.

ಇನ್ನು ಉಪ್ಪು. ಮಾತ್ರೆಗಿಂತ ದೊಡ್ಡ ಜಗಳ ಇದರದ್ದೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಹೆಚ್ಚುಕಡಿಮೆ ಒಂದು ಟೀ ಚಮಚ. ಅಡುಗೆ ಮಾಡುವಾಗ ಯಾರು ಅಳೆಯುತ್ತಾರೆ? ಹೆಂಡತಿ ಅಂಗಡಿ ಲೆಕ್ಕ ಹಾಕಿದಳು. ನಾವು ನಾಲ್ಕು ಜನ, ದಿನಕ್ಕೆ 20 ಗ್ರಾಂ. ಅಂದರೆ ಒಂದು ಕೆಜಿ ಪ್ಯಾಕೆಟ್ 50 ದಿನ ಬರಬೇಕು. ನಮ್ಮ ಮನೆಯದು 24 ದಿನಕ್ಕೆ ಮುಗಿಯುತ್ತಿತ್ತು. ಇದರ ಮೇಲೆ ಕೊಂಡು ತಂದ ಉಪ್ಪಿನಕಾಯಿ, ಹಪ್ಪಳ, ಸಂಜೆಯ ಖಾರಾ ಬನ್ನು, ನಿಪ್ಪಟ್ಟು ಬೇರೆ. ಅಯ್ಯಂಗಾರ್ ಬೇಕರಿಯವರ ತವರು ಜಿಲ್ಲೆಯಲ್ಲಿದ್ದುಕೊಂಡು ಖಾರಾ ಬನ್ನು ಬಿಡುವುದು ಸುಲಭವಲ್ಲ, ವಾರಕ್ಕೊಂದಕ್ಕೆ ಇಳಿಸಿದ್ದೇನೆ. ಸೋಡಿಯಂ ಕಡಿಮೆಯ ಉಪ್ಪು ತರೋಣ ಅಂತಿದ್ದೆ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ನೀವು ತಗೊಳ್ಳುವ ಮಾತ್ರೆಯೂ ಪೊಟ್ಯಾಸಿಯಂ ಏರಿಸಬಹುದು, ಈಗ ಬೇಡ ಅಂದರು ಡಾಕ್ಟರ್.

ಮುದ್ದೆಗೆ ನಾವು ಉಪ್ಪು ಹಾಕುವುದೇ ಇಲ್ಲ, ತಕರಾರೆಲ್ಲ ಸಾರಿನದು. ಅವ್ವನಿಗೆ ಉಪ್ಪೆಸರು ಬೇಕೇ ಬೇಕು. "ಹೆಸ್ರಲ್ಲೇ ಉಪ್ಪೈತೆ, ಹೆಂಗ್ ಬಿಡ್ಲಿ? ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರೆ, ನೀವು ಎರಡನ್ನೂ ಆಚೆ ಹಾಕ್ತೀರೇನೋ" ಅಂದಳು. ಆ ಮಾತಿಗೆ ಸೊಸೆ ನಕ್ಕು, ಬೆಳ್ಳುಳ್ಳಿ, ಮೆಣಸು, ಹುಣಸೆ ಒಂದು ಪಾಲು ಮುಂದೆ ಮಾಡಿ ಉಪ್ಪನ್ನು ಹಿಂದೆ ಸರಿಸಿದಳು. ಮೊದಲೆರಡು ವಾರ ಎಲ್ಲವೂ ಸಪ್ಪೆ. ಆಮೇಲೆ ನಾಲಿಗೆಯೇ ಹೊಂದಿಕೊಂಡಿತು. ಮದುವೆ ಮನೆಯ ಸಾರು ಈಗ ನನಗೆ ಉಪ್ಪುಪ್ಪು.

ನೋವಿನ ಮಾತ್ರೆ ಬಿಟ್ಟೆ, ಮೂಟೆ ಎತ್ತಲು ಹುಡುಗ ಬಂದ. ಬೆಳಗ್ಗೆ ಮುಕ್ಕಾಲು ಗಂಟೆ ನಡೆಯುತ್ತೇನೆ, ಮಳೆ ಬಂದರೆ ಇಲ್ಲ. ಮೂರು ತಿಂಗಳಿಗೆ 126/82 ಬಂತು. "ಇನ್ನು ಮಾತ್ರೆ ಬಿಡಬಹುದಾ?" ಅಂದೆ. "ಮಾತ್ರೆ ತಗೊಂಡಿದ್ದಕ್ಕೇ ಅಲ್ವೇನ್ರೀ ಇಳಿದಿದ್ದು?" ಅಂದರು ಡಾಕ್ಟರ್. ಹಾಗಾಗಿ ಈಗಲೂ ನುಂಗುತ್ತಿದ್ದೇನೆ.

ಉಪ್ಪಿನ ಪ್ಯಾಕೆಟ್ ಒಡೆದ ದಿನ ಹೆಂಡತಿ ಅದರ ಮೇಲೆ ಪೆನ್ನಿನಲ್ಲಿ ತಾರೀಕು ಬರೆಯುತ್ತಾಳೆ. ಮೊನ್ನೆ ಖಾಲಿಯಾದದ್ದನ್ನು ಎಣಿಸಿದೆವು, 41 ದಿನ. ಉಳಿದ ಒಂಬತ್ತು ದಿನದ ಉಪ್ಪು ಎಲ್ಲಿ ಹೋಯಿತು ಅಂತ ಎಲ್ಲರೂ ಅವ್ವನ ಕಡೆ ನೋಡಿದೆವು. ಅವಳು ಟಿವಿ ಸೌಂಡು ಜಾಸ್ತಿ ಮಾಡಿದಳು.