ಇಂಗ್ಲೆಂಡಿನಲ್ಲಿ ಬಾಡಿಗೆ ಮನೆ ಬಿಡುವಾಗ: ಶುಚಿಗೊಳಿಸುವ ಕೆಲಸ ಮತ್ತು ಠೇವಣಿಯ ಹಣ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿದವರಿಗೆ ಹತ್ತು ತಿಂಗಳ ಅಡ್ವಾನ್ಸ್ ಎಂಬುದು ಹೊಸ ಮಾತಲ್ಲ; ಮನೆ ಬಿಡುವಾಗ ಬಣ್ಣ ಹೊಡೆಸುವ ಖರ್ಚೆಂದು ಒಂದು ತಿಂಗಳ ಬಾಡಿಗೆಯನ್ನು ಅದರಲ್ಲಿ ಮುರಿದುಕೊಳ್ಳುವುದನ್ನೂ ನಾವು ರೂಢಿಯೆಂದು ಒಪ್ಪಿಕೊಂಡುಬಿಟ್ಟಿದ್ದೇವೆ. ಇಂಗ್ಲೆಂಡಿನಲ್ಲಿ ಬಣ್ಣದ ಮಾತು ಕಡಿಮೆ, ಶುಚಿತ್ವದ ಮಾತು ಹೆಚ್ಚು. ಠೇವಣಿಗಾಗಿ ಮಾಲೀಕರಿಗೂ ಬಾಡಿಗೆದಾರರಿಗೂ ನಡೆಯುವ ತಕರಾರುಗಳಲ್ಲಿ ಅತಿ ಹೆಚ್ಚಿನವು ಹುಟ್ಟುವುದು ಮನೆಯನ್ನು ಸರಿಯಾಗಿ ತೊಳೆದು ಒರೆಸಿ ಒಪ್ಪಿಸಲಿಲ್ಲ ಎಂಬ ದೂರಿನಿಂದಲೇ. ಲಂಡನ್ನಿನ ಪಶ್ಚಿಮಕ್ಕಿರುವ ರೆಡಿಂಗ್ ಪಟ್ಟಣದಲ್ಲಿ ಮನೆ ಬದಲಿಸುವಾಗಲೂ, ಊರಿಗೆ ಮರಳುವ ಕನ್ನಡ ಕುಟುಂಬಗಳಿಗೆ ಮನೆ ಖಾಲಿ ಮಾಡಲು ನೆರವಾಗುವಾಗಲೂ ನಾನು ಕಂಡುಕೊಂಡದ್ದನ್ನು ಇಲ್ಲಿಗೆ ಬರಲಿರುವವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ಮಾತು, ಏಕೆಂದರೆ ಅದನ್ನು ಅರಿಯದವರು ಎಷ್ಟು ಉಜ್ಜಿದರೂ ಹಣ ಕಳೆದುಕೊಳ್ಳುವುದುಂಟು. 2019ರ ಜೂನ್ 1ರಿಂದ ಜಾರಿಗೆ ಬಂದ ಟೆನೆಂಟ್ ಫೀಸ್ ಕಾಯ್ದೆಯ ಪ್ರಕಾರ, ವರ್ಷದ ಬಾಡಿಗೆ 50,000 ಪೌಂಡ್‌ಗಿಂತ ಕಡಿಮೆಯಿರುವ ಮನೆಗೆ ಐದು ವಾರಗಳ ಬಾಡಿಗೆಗಿಂತ ಹೆಚ್ಚಿನ ಠೇವಣಿಯನ್ನು ಕೇಳುವಂತಿಲ್ಲ. ತಿಂಗಳಿಗೆ 1,300 ಪೌಂಡ್ ಬಾಡಿಗೆಯಿದ್ದರೆ ವಾರಕ್ಕೆ 300 ಆಗುತ್ತದೆ, ಠೇವಣಿಯ ಮಿತಿ 1,500. ಈ ಹಣವನ್ನು ಮಾಲೀಕರು ತಮ್ಮ ಇಷ್ಟದಂತೆ ಇಟ್ಟುಕೊಳ್ಳುವಂತಿಲ್ಲ. ಸರ್ಕಾರದ ಮಾನ್ಯತೆ ಪಡೆದ ಮೂರು ಠೇವಣಿ ರಕ್ಷಣಾ ಯೋಜನೆಗಳಲ್ಲಿ ಒಂದರಲ್ಲಿ 30 ದಿನಗಳೊಳಗೆ ಅದನ್ನು ದಾಖಲಿಸಿ, ಅದರ ವಿವರವನ್ನು ಬಾಡಿಗೆದಾರರಿಗೆ ಬರಹದಲ್ಲಿ ಕೊಡಬೇಕು. ಹಾಗೆ ಮಾಡದ ಮಾಲೀಕರಿಂದ ನ್ಯಾಯಾಲಯವು ಠೇವಣಿಯ ಒಂದರಿಂದ ಮೂರು ಪಟ್ಟಿನಷ್ಟು ಹಣವನ್ನು ಬಾಡಿಗೆದಾರರಿಗೆ ಕೊಡಿಸಬಹುದು. ಇದಕ್ಕಿಂತ ಮುಖ್ಯವಾದ ತತ್ವವೊಂದಿದೆ: ಕಡಿತಕ್ಕೆ ಕಾರಣವಿದೆಯೆಂದು ತೋರಿಸಿಕೊಡುವವರೆಗೆ ಠೇವಣಿಯು ಬಾಡಿಗೆದಾರರ ಹಣವೇ, ಅದನ್ನು ತೋರಿಸಿಕೊಡುವ ಹೊಣೆ ಮಾಲೀಕರದ್ದು.

ಆದಕಾರಣ ಮನೆ ಬಿಡುವ ದಿನದ ಶುಚಿತ್ವವನ್ನು ಅಳೆಯುವುದು ಮನೆ ಹೊಕ್ಕ ದಿನದ ದಾಖಲೆಯಿಂದ. ಇನ್ವೆಂಟರಿ ಎಂದು ಕರೆಯುವ ಆ ವರದಿಯಲ್ಲಿ ಓವನ್ ಒಳಗೆ ಜಿಡ್ಡಿತ್ತು, ಕಾರ್ಪೆಟ್ ಮೇಲೆ ಕಲೆಯಿತ್ತು ಎಂದು ಬರೆದಿದ್ದರೆ, ಅದನ್ನು ಹೊಸದರಂತೆ ಹೊಳೆಯಿಸಿ ಒಪ್ಪಿಸುವ ಬಾಧ್ಯತೆ ನಮಗಿಲ್ಲ. ಅಲ್ಲಿ ಎಲ್ಲವೂ ಶುಚಿಯಾಗಿತ್ತು ಎಂದು ಬರೆದಿದ್ದು, ವಾಸ್ತವದಲ್ಲಿ ಹಾಗಿಲ್ಲದಿದ್ದರೆ, ಏಜೆಂಟರು ಕೊಟ್ಟ ಗಡುವಿನೊಳಗೆ ನಮ್ಮ ಆಕ್ಷೇಪವನ್ನು ಚಿತ್ರಗಳೊಂದಿಗೆ ಇಮೇಲ್ ಮಾಡಬೇಕು. ಹೊಸ ನಾಡಿಗೆ ಬಂದಿಳಿದ ವಾರದಲ್ಲಿ, ಮಕ್ಕಳ ಶಾಲೆ, ಬ್ಯಾಂಕ್ ಖಾತೆ, ಕೆಲಸ ಎಂಬ ಓಡಾಟದ ನಡುವೆ, ನಮ್ಮವರು ಈ ವರದಿಗೆ ಓದದೆ ಸಹಿ ಹಾಕುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಠೇವಣಿ ಉಳಿಯುವುದೋ ಹೋಗುವುದೋ ಎಂಬುದು ಬಹುಮಟ್ಟಿಗೆ ಆ ವಾರದಲ್ಲೇ ತೀರ್ಮಾನವಾಗಿರುತ್ತದೆ.

ಮನೆ ಬಿಡುವಾಗ ಕಂಪನಿಯವರನ್ನು ಕರೆಸಿ ಶುಚಿಗೊಳಿಸಲೇಬೇಕೆಂದು ಏಜೆಂಟರು ಹೇಳಿದರೆ ಹೆದರಬೇಕಿಲ್ಲ. ಅದೇ 2019ರ ಕಾಯ್ದೆಯ ನಂತರ, ಅಂಥ ಸೇವೆಗೆ ಹಣ ಕೊಡಲೇಬೇಕೆಂದು ಬಾಡಿಗೆದಾರರನ್ನು ಒತ್ತಾಯಿಸುವಂತಿಲ್ಲ. ಮೊದಲಿದ್ದ ಮಟ್ಟಕ್ಕೆ ಮನೆಯನ್ನು ತಂದು ಒಪ್ಪಿಸಿದರೆ ಸಾಕು. ಆ ಕೆಲಸವನ್ನು ಯಾರು ಮಾಡಿದರು ಎಂಬುದು ಅಪ್ರಸ್ತುತ. ನನ್ನ ಅಭಿಪ್ರಾಯದಲ್ಲಿ ಓವನ್ ಒಂದನ್ನು ಬಿಟ್ಟು ಉಳಿದುದೆಲ್ಲವನ್ನೂ ಮನೆಯವರೇ ಮಾಡಿಕೊಳ್ಳಬಹುದು. ಓವನ್ನಿಗೆ ಬಳಸುವ ಔಷಧದಲ್ಲಿ ಕಾಸ್ಟಿಕ್ ಸೋಡಾ ಇರುವುದರಿಂದ, ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅದನ್ನು ನುರಿತವರ ಕೈಗೆ ಒಪ್ಪಿಸಿ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಲೇಸು.

ನಮ್ಮ ಅಡುಗೆಮನೆಯ ತೊಂದರೆಗಳು ನಮ್ಮವೇ. ನಿತ್ಯದ ಒಗ್ಗರಣೆಯ ಹೊಗೆ ಒಲೆಯ ಮೇಲಿನ ಚಿಮಣಿಯ ಜಾಲರಿಯಲ್ಲಿ, ಕಪಾಟುಗಳ ತಲೆಯ ಮೇಲೆ, ಫ್ರಿಜ್ಜಿನ ಮೇಲ್ಭಾಗದಲ್ಲಿ ಅಂಟು ಜಿಡ್ಡಾಗಿ ಕೂರುತ್ತದೆ. ನಮ್ಮ ಕಣ್ಣಿಗೆ ಬೀಳದ ಈ ಜಾಗಗಳನ್ನೇ ತಪಾಸಣೆಗೆ ಬಂದವರು ಬೆರಳಿಟ್ಟು ನೋಡುತ್ತಾರೆ. ಜಾಲರಿಯನ್ನು ಬಿಚ್ಚಿ, ಪಾತ್ರೆ ತೊಳೆಯುವ ದ್ರವ ಬೆರೆಸಿದ ಬಿಸಿನೀರಿನಲ್ಲಿ ನೆನೆಹಾಕಿದರೆ ಜಿಡ್ಡು ಸಡಿಲವಾಗುತ್ತದೆ, ಆದರೆ ಅದು ಅಲ್ಯೂಮಿನಿಯಮ್ಮಿನದಾದರೆ ವಾಷಿಂಗ್ ಸೋಡಾ ಹಾಕಬಾರದು, ಲೋಹ ಕಪ್ಪಾಗುತ್ತದೆ. ಅರಿಶಿನದ ಕಲೆಯದು ಇನ್ನೊಂದು ಕಥೆ. ಅರಿಶಿನದ ನೀರಿಗೆ ಸುಣ್ಣ ಬೆರೆಸಿದರೆ ಓಕುಳಿ ಕೆಂಪಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಕ್ಷಾರದ ಗುಣವುಳ್ಳ ಶುಚಿದ್ರವವನ್ನು ಅಡುಗೆಕಟ್ಟೆಯ ಹಳದಿ ಕಲೆಗೆ ಹಚ್ಚಿದಾಗಲೂ ಅದೇ ಕಾರಣಕ್ಕೆ ಕಲೆ ಕೆಂಪಾಗಿ ಗಾಬರಿ ಹುಟ್ಟಿಸುತ್ತದೆ. ಅರಿಶಿನದ ಬಣ್ಣ ಬಿಸಿಲಿಗೆ ಮಾಸುವಂಥದ್ದು. ಆದ್ದರಿಂದ ಬಿಚ್ಚಿ ತೆಗೆಯಬಹುದಾದ ಫ್ರಿಜ್ಜಿನ ತಟ್ಟೆ, ಪ್ಲಾಸ್ಟಿಕ್ ಡ್ರಾಯರ್ ಮುಂತಾದವನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಕೆಲವು ದಿನ ಇಟ್ಟರೆ ಕಲೆ ತಾನಾಗಿ ತಿಳಿಯಾಗುತ್ತದೆ. ಇಂಗ್ಲೆಂಡಿನ ಬಿಸಿಲನ್ನು ನಂಬಿ ಕೊನೆಯ ದಿನದವರೆಗೆ ಕಾಯಬಾರದು, ಅಷ್ಟೆ. ದೇವರ ಮೂಲೆಯನ್ನೂ ಮರೆಯುವಂತಿಲ್ಲ: ದೀಪ ಮತ್ತು ಊದುಬತ್ತಿಯ ಮಸಿ ಗೋಡೆಯ ಜೊತೆಗೆ ಚಾವಣಿಗೂ ಹತ್ತಿರುತ್ತದೆ.

ಬಚ್ಚಲುಮನೆಯಲ್ಲಿ ಎದುರಾಗುವುದು ಸುಣ್ಣದ ಪೊರೆ. ಇಂಗ್ಲೆಂಡಿನ ಆಗ್ನೇಯ ಭಾಗದ ನೀರು ಸುಣ್ಣಕಲ್ಲಿನ ನೆಲದಿಂದ ಬರುವುದರಿಂದ ಬಹಳ ಗಡಸು. ನಲ್ಲಿ, ಶವರ್, ಗಾಜಿನ ಬಾಗಿಲುಗಳ ಮೇಲೆಲ್ಲ ಬಿಳಿ ಪೊರೆ ಕಟ್ಟುತ್ತದೆ. ಬಿಳಿ ವಿನೆಗರ್ ಅಥವಾ ಸಿಟ್ರಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆಯನ್ನು ನಲ್ಲಿಗೆ ಸುತ್ತಿ ಸ್ವಲ್ಪ ಹೊತ್ತು ಬಿಟ್ಟರೆ ಅದು ಕರಗುತ್ತದೆ. ಅಂಚಿನ ಸಿಲಿಕೋನ್ ಪಟ್ಟಿಯ ಮೇಲಿನ ಕಪ್ಪು ಬೂಷ್ಟಿಗೆ ಬ್ಲೀಚ್ ಇರುವ ದ್ರವ ಬೇಕಾಗುತ್ತದೆ. ಈ ಎರಡನ್ನೂ ಒಂದೇ ಹೊತ್ತಿಗೆ ಬಳಸಲೇಬಾರದು. ಬ್ಲೀಚಿಗೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ, ಕಿಟಕಿಯಿಲ್ಲದ ಸಣ್ಣ ಬಚ್ಚಲಿನಲ್ಲಿ ಅದು ಜೀವಕ್ಕೇ ಅಪಾಯ. ಒಂದು ದಿನ ಒಂದು ಕೆಲಸ, ನಡುವೆ ಚೆನ್ನಾಗಿ ನೀರು ಹಾಕಿ ತೊಳೆಯುವುದು, ಇದೇ ಕ್ಷೇಮ.

ಕಾರ್ಪೆಟ್ ತೊಳೆಯುವ ಯಂತ್ರವು ದೊಡ್ಡ ಸೂಪರ್‌ಮಾರ್ಕೆಟ್‌ಗಳಲ್ಲಿ ಬಾಡಿಗೆಗೆ ಸಿಗುತ್ತದೆ, ಆದರೆ ಚಳಿಗಾಲದಲ್ಲಿ ಅದು ಒಣಗಲು ಸಮಯ ಬೇಕು. ಮಂಚದ ಕಾಲು ಊರಿ ಆದ ಕುಳಿ, ನಡೆದಾಡುವ ದಾರಿಯಲ್ಲಿ ಸವೆದ ಎಳೆ, ಬಿಸಿಲಿಗೆ ಮಾಸಿದ ಪರದೆ, ಇವು ಸಹಜ ಸವಕಳಿಯಾದುದರಿಂದ ಇವಕ್ಕಾಗಿ ಹಣ ಮುರಿಯುವಂತಿಲ್ಲ. ನಿಜವಾಗಿಯೂ ಹಾನಿಯಾಗಿದ್ದರೂ ಹಳೆಯ ವಸ್ತುವಿಗೆ ಹೊಸದರ ಬೆಲೆ ಕೇಳಲಾಗದು: ಹತ್ತು ವರ್ಷ ಬಾಳುವ 500 ಪೌಂಡಿನ ಕಾರ್ಪೆಟ್ ಆರು ವರ್ಷ ಬಳಕೆಯಾಗಿದ್ದರೆ, ಉಳಿದ ನಾಲ್ಕು ವರ್ಷದ ಲೆಕ್ಕಕ್ಕೆ 200 ಪೌಂಡ್ ಮಾತ್ರ ನ್ಯಾಯ.

ಎಲ್ಲ ಮುಗಿದ ಮೇಲೆ, ಬೀಗದ ಕೈ ಒಪ್ಪಿಸುವ ಮೊದಲು, ಹೊಕ್ಕ ದಿನದ ವರದಿಯ ಚಿತ್ರಗಳನ್ನು ಮುಂದಿಟ್ಟುಕೊಂಡು ಅದೇ ಕೋನದಿಂದ ಮತ್ತೆ ಚಿತ್ರ ತೆಗೆಯಬೇಕು. ಓವನ್ ಬಾಗಿಲು ತೆರೆದು, ಸಿಂಕಿನ ಕೆಳಗಿನ ಕಪಾಟು ತೆರೆದು, ವಾಷಿಂಗ್ ಮಷೀನಿನ ರಬ್ಬರಿನ ಮಡಿಕೆಯನ್ನು ಬಿಡಿಸಿ ತೆಗೆಯಬೇಕು. ಬೀಗದ ಕೈ ಕೊಟ್ಟ ಮೇಲೆ ಒಳಗೆ ಹೋಗಿ ಉಳಿದುದನ್ನು ಒರೆಸಿಬರುತ್ತೇವೆ ಎಂದರೆ ಬಿಡುವುದಿಲ್ಲ.

ಆಮೇಲೂ ಕಡಿತದ ಪಟ್ಟಿ ಬಂದರೆ, ನಮ್ಮವರು ಹೆಚ್ಚಾಗಿ ಪರದೇಶದಲ್ಲಿ ವ್ಯಾಜ್ಯ ಬೇಡವೆಂದು ಸುಮ್ಮನಾಗುತ್ತಾರೆ. ಸುಮ್ಮನಾಗಬೇಡಿ ಎಂದು ಕಳಕಳಿಯಿಂದ ಕೇಳುತ್ತೇನೆ. ಠೇವಣಿ ರಕ್ಷಣಾ ಯೋಜನೆಯವರೇ ನಡೆಸುವ ತೀರ್ಮಾನದ ವ್ಯವಸ್ಥೆಗೆ ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಎದುರು ನಿಂತು ವಾದಿಸಬೇಕಾಗಿಯೂ ಇಲ್ಲ. ಇಬ್ಬರೂ ಸಲ್ಲಿಸಿದ ಕಾಗದಪತ್ರ ಮತ್ತು ಚಿತ್ರಗಳನ್ನು ನೋಡಿ ತೀರ್ಪು ಕೊಡುತ್ತಾರೆ. ಮೈಸೂರಿಗೆ ಮರಳಿದ ಒಂದು ಕುಟುಂಬಕ್ಕೆ ಏಜೆಂಟರು ಓವನ್ ಶುಚಿಯ ಹೆಸರಿನಲ್ಲಿ ಕಡಿತ ಹೇಳಿದ್ದರು. ಮನೆ ಹೊಕ್ಕಾಗಲೇ ಅದು ಜಿಡ್ಡಾಗಿತ್ತೆಂದು ಇನ್ವೆಂಟರಿಯಲ್ಲಿದ್ದ ಸಾಲನ್ನು ಅವರು ಅಲ್ಲಿಂದಲೇ ಕಳುಹಿಸಿದ ಮೇಲೆ ಏಜೆಂಟರು ಆ ಮಾತನ್ನು ಬಿಟ್ಟರು. ಎಷ್ಟು ಹಣವೆಂದು ಒಪ್ಪಂದವಾದ ಹತ್ತು ದಿನಗಳೊಳಗೆ ಅದು ಕೈಸೇರಬೇಕು. ಊರಿಗೆ ಹಿಂದಿರುಗುವವರು ಅದು ಜಮೆಯಾಗುವವರೆಗೆ ಇಲ್ಲಿನ ಬ್ಯಾಂಕ್ ಖಾತೆಯನ್ನು ಮುಚ್ಚಬಾರದು.