ಹಳೇ ರೂಟರ್‌ನಲ್ಲಿ ಇಂಟರ್‌ಕಾಮ್: ದನಿ ಒಂದೇ ಕಡೆ ಕೇಳಿಸಿದರೆ

ಹಳೇ ರೂಟರನ್ನೇ ಫೋನ್ ಎಕ್ಸ್‌ಚೇಂಜ್ ಮಾಡಿ ಇಂಟರ್‌ಕಾಮ್ ಕಟ್ಟಬಹುದು. ಅದಕ್ಕೆ ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಹಳೇ ರೂಟರ್ ಕೊಳ್ಳುವ ಮುಂಚೆ ಮಾಡೆಲ್ ನಂಬರ್ ಹುಡುಕಿ ನೋಡಿ. 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್ ಇರುವುದು ಪುಕ್ಕಟೆ ಸಿಕ್ಕರೂ ಬೇಡ. ಓಪನ್‌ಡಬ್ಲ್ಯುಆರ್‌ಟಿ (ರೂಟರ್‌ಗೆ ಹಾಕುವ ಮುಕ್ತ ಆಪರೇಟಿಂಗ್ ಸಿಸ್ಟಮ್) ಮೇಲೆ ಆಸ್ಟರಿಸ್ಕ್ (ಫೋನ್ ಎಕ್ಸ್‌ಚೇಂಜ್ ತಂತ್ರಾಂಶ) ಓಡಬೇಕಾದರೆ 16 ಎಂಬಿ ಫ್ಲ್ಯಾಶ್, 128 ಎಂಬಿ ರ‍್ಯಾಮ್ ಇದ್ದರೆ ಒಳ್ಳೆಯದು. ಎಲ್ಲ ಫೋನಿಗೂ ಜಿ.711 ಒಂದೇ ಕೋಡೆಕ್ (ದನಿಯನ್ನು ಡಿಜಿಟಲ್ ಮಾಡುವ ವಿಧಾನ) ಇಡಿ. ಕೋಡೆಕ್ ಬದಲಿಸುವ ಕೆಲಸ ಬಿದ್ದರೆ ಆ ಪುಟ್ಟ ಪ್ರೊಸೆಸರ್ ಏದುಸಿರು ಬಿಡುತ್ತದೆ. ಕರೆಯೊಂದಕ್ಕೆ ಒಂದು ದಿಕ್ಕಿಗೆ ಸುಮಾರು 80 ಕೆಬಿಪಿಎಸ್ ಸಾಕು.

ಗೋಳಿರುವುದು ಬೇರೆ ಕಡೆ. ಮನೆಯಾಚೆಯ ಫೋನಿನ ಜತೆ ಮಾತಾಡುವಾಗ ಫೋನ್ ರಿಂಗ್ ಆಗುತ್ತದೆ, ಎತ್ತಿದರೆ ಒಬ್ಬರ ಮಾತು ಮಾತ್ರ ಕೇಳಿಸುತ್ತದೆ. ಕರೆ ಜೋಡಿಸುವ ಎಸ್‌ಐಪಿ ಸಂದೇಶ 5060ನೇ ಪೋರ್ಟಿನಲ್ಲಿ (ನೆಟ್‌ವರ್ಕ್‌ನ ಸಂಖ್ಯೆ ಹಾಕಿದ ಬಾಗಿಲು) ಹೋದರೆ, ದನಿ ಹೋಗುವುದು ಅದನ್ನು ಸಾಗಿಸುವ ಆರ್‌ಟಿಪಿಯ ಬೇರೆ ಪೋರ್ಟಿನಲ್ಲಿ. ಫೋನ್ ತನ್ನ ವಿಳಾಸ ಅಂತ ಮನೆಯೊಳಗಷ್ಟೇ ನಡೆಯುವ 192.168ರ ವಿಳಾಸ ಬರೆದು ಕಳಿಸಿದರೆ, ಆಚೆಯವರ ದನಿ ದಾರಿ ತಪ್ಪುತ್ತದೆ. ಮೊದಲು ರೂಟರ್‌ನ ಎಸ್‌ಐಪಿ ಎಎಲ್‌ಜಿ ಆಫ್ ಮಾಡಿ (ಎಸ್‌ಐಪಿ ಸಂದೇಶದ ವಿಳಾಸ ತಿದ್ದುವ ಸೌಲಭ್ಯ; ಸಹಾಯಕ್ಕೆಂದು ಇಟ್ಟದ್ದು, ಕೆಡಿಸುವುದೇ ಹೆಚ್ಚು). ಆಮೇಲೆ ಆಸ್ಟರಿಸ್ಕ್‌ಗೆ ಹೊರಗಿನ ವಿಳಾಸ ಕೊಟ್ಟು, ಆರ್‌ಟಿಪಿಯನ್ನು 10000–10100ಕ್ಕೆ ಸೀಮಿತಗೊಳಿಸಿ, ಅಷ್ಟನ್ನೇ ತೆರೆಯಿರಿ.

ರೂಟರ್‌ನ ವ್ಯಾನ್ (ಇಂಟರ್‌ನೆಟ್ ಕಡೆಯ) ವಿಳಾಸ 100.64ರಿಂದ 100.127ರ ನಡುವೆ ಇದ್ದರೆ ಪೋರ್ಟ್ ತೆರೆದೂ ಉಪಯೋಗವಿಲ್ಲ. ಅದು ಹಲವು ಮನೆಗಳು ಹಂಚಿಕೊಂಡ ನ್ಯಾಟ್, ಅಂದರೆ ಎಲ್ಲರಿಗೂ ಒಂದೇ ಸಾರ್ವಜನಿಕ ವಿಳಾಸ. ಆಗ ಸಾರ್ವಜನಿಕ ವಿಳಾಸವಿರುವ ಒಂದು ಸರ್ವರ್‌ಗೆ ವೈರ್‌ಗಾರ್ಡ್ (ವಿಪಿಎನ್) ಸುರಂಗ ಹಾಕಿ, ಸಂಪರ್ಕ ಕಡಿಯದಂತೆ ಆಗಾಗ ಸಂದೇಶ ಕಳಿಸುವ ಕೀಪ್‌ಅಲೈವ್ 25 ಸೆಕೆಂಡ್ ಇಡಿ.