ಅಪ್ಪಯ್ಯನ ದಿನಚರಿಗೆ ಒಗ್ಗಿದ ನಮೀಬಿಯಾ

ಆಫ್ರಿಕಾದ ನೈಋತ್ಯ ಮೂಲೆಯ ನಮೀಬಿಯಾದಲ್ಲಿ ಕಾರು ಓಡಿಸಿಕೊಂಡು, ರಾತ್ರಿ ಕಾರಿನ ಮೇಲಿನ ಟೆಂಟಿನಲ್ಲಿ ಮಲಗಿಕೊಂಡು ಸುತ್ತಿ ಬರುತ್ತೇವೆ ಎಂದಾಗ ನಂಟರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಅಪ್ಪಯ್ಯನನ್ನೂ ಕರೆದುಕೊಂಡು ಹೋಗುತ್ತೀರಾ?" ಎಪ್ಪತ್ತು ದಾಟಿದ ಅಪ್ಪಯ್ಯ ಸಾಗರದ ಕಡೆಯ ಅಡಿಕೆ ಬೆಳೆಗಾರ. ಕಾರಿನ ನೆತ್ತಿಯ ಮೇಲೆ ಮಲಗಿಸುವ ವಯಸ್ಸೇ ಅವರದು ಎಂಬುದು ಎಲ್ಲರ ಆಕ್ಷೇಪ. ಹೋಗಿ ಬಂದ ಮೇಲೆ ನಾನು ಖಚಿತವಾಗಿ ಹೇಳಬಲ್ಲೆ, ಆ ದೇಶಕ್ಕೆ ನಮ್ಮೆಲ್ಲರಿಗಿಂತ ಬೇಗ ಹೊಂದಿಕೊಂಡವರು ಅವರೇ.

ರಾತ್ರಿ ಎಂಟಕ್ಕೆ ಮಲಗಿ, ನಾಲ್ಕೂವರೆಗೆ ಎದ್ದು ಬಚ್ಚಲೊಲೆಗೆ ಬೆಂಕಿ ಹಾಕುವುದು ಅಪ್ಪಯ್ಯನ ಜೀವಮಾನದ ಕ್ರಮ. ಬೆಂಗಳೂರಿನ ನಮ್ಮ ಮನೆಯಲ್ಲಿ ರಾತ್ರಿಯೂಟವೇ ಹತ್ತಕ್ಕೆ. ಅಲ್ಲಿ ಅವರು ಪಾಪ, ತೂಕಡಿಸುತ್ತ ತಟ್ಟೆಯ ಮುಂದೆ ಕೂರುತ್ತಾರೆ. ನಮೀಬಿಯಾದಲ್ಲಿ ಇಡೀ ಪ್ರವಾಸ ನಡೆಯುವುದೇ ಸೂರ್ಯನ ಲೆಕ್ಕದಲ್ಲಿ. ನಾವು ಹೋದದ್ದು ಮೇ ಕೊನೆಯಲ್ಲಿ, ಅಲ್ಲಿ ಚಳಿಗಾಲ ಶುರುವಾಗುವ ಹೊತ್ತು. ಸಂಜೆ ಆರೂವರೆಯೊಳಗೆ ಸೂರ್ಯ ಮುಳುಗುತ್ತಾನೆ. ಊರಾಚೆ ರಾತ್ರಿ ವಾಹನ ಓಡಿಸಕೂಡದು ಎಂದು ಬಾಡಿಗೆ ಕರಾರಿನಲ್ಲೇ ಬರೆದಿತ್ತು. ಕತ್ತಲಾದರೆ ಕುಡು, ಓರಿಕ್ಸ್‌ನಂಥ ದೊಡ್ಡ ಪ್ರಾಣಿಗಳು ರಸ್ತೆಗೆ ಅಡ್ಡ ಬರುತ್ತವೆ. ಎಟೋಶಾ ರಾಷ್ಟ್ರೀಯ ಉದ್ಯಾನದ ಗೇಟುಗಳೂ ಸೂರ್ಯೋದಯಕ್ಕೆ ತೆರೆದು ಸೂರ್ಯಾಸ್ತಕ್ಕೆ ಮುಚ್ಚುತ್ತವೆ. ನಾಲ್ಕು ಗಂಟೆಗೆ ಕ್ಯಾಂಪ್ ಸೇರು, ಬೆಳಕಿರುವಾಗಲೇ ಅಡುಗೆ ಮಾಡು, ಉಂಡು ಮಲಗು. ಮೊದಮೊದಲು ಚಡಪಡಿಸಿದ್ದು ನನ್ನ ಗಂಡ ಮತ್ತು ಹನ್ನೆರಡರ ಮಗಳು.

ರಾಜಧಾನಿ ವಿಂಡ್‌ಹುಕ್‌ನಲ್ಲಿ ಪಡೆದದ್ದು ನಾಲ್ಕೂ ಚಕ್ರ ಎಳೆಯುವ ಟೊಯೋಟಾ ಹೈಲಕ್ಸ್. ಮೇಲೆ ಮಡಚುವ ಎರಡು ಟೆಂಟು, ಹಿಂದೆ ಪುಟ್ಟ ಫ್ರಿಜ್, ಗ್ಯಾಸ್ ಒಲೆ, ನೀರಿನ ಕ್ಯಾನು, ಎರಡು ಸ್ಟೆಪ್ನಿ. ಭಾರತದಂತೆ ಅಲ್ಲಿಯೂ ಎಡಬದಿಯ ಸಂಚಾರ, ಅಷ್ಟು ನಿರಾಳ. ಆದರೆ ದೇಶದ ಬಹುಪಾಲು ರಸ್ತೆಗಳಿಗೆ ಡಾಂಬರಿಲ್ಲ. ಜಲ್ಲಿ ರಸ್ತೆಯಲ್ಲಿ ಟೈರಿನ ಗಾಳಿ ಇಳಿಸಿಕೊಂಡು ಎಂಬತ್ತರೊಳಗೆ ಹೋಗಬೇಕು. ಸೊಲಿಟೇರ್‌ಗೆ ಹೋಗುವ ದಾರಿಯಲ್ಲಿ ಚೂಪುಗಲ್ಲಿಗೆ ಒಂದು ಟೈರು ಹರಿಯಿತು. ಅರ್ಧ ಗಂಟೆಯಲ್ಲಿ ಹಾದುಹೋದ ಎರಡೂ ವಾಹನಗಳು ತಾವಾಗಿಯೇ ನಿಂತು, "ನೀರಿದೆಯೇ? ಜಾಕ್ ಇದೆಯೇ?" ಎಂದು ವಿಚಾರಿಸಿದವು. ಕೇರಳಕ್ಕಿಂತ ಇಪ್ಪತ್ತು ಪಟ್ಟು ದೊಡ್ಡದಾದ ಆ ದೇಶದ ಜನಸಂಖ್ಯೆ ಸುಮಾರು 30 ಲಕ್ಷ. ಅಲ್ಲಿ ನಿಂತವರನ್ನು ವಿಚಾರಿಸದೆ ಯಾರೂ ಮುಂದೆ ಹೋಗುವುದಿಲ್ಲ.

ಅದೇ ಸೀಮೆಯ ಒಂದು ಕ್ಯಾಂಪಿನಲ್ಲಿ ಅಪ್ಪಯ್ಯ, ಅಲ್ಲಿನವರು 'ಡಾಂಕಿ' ಎನ್ನುವ ನೀರು ಕಾಯಿಸುವ ಒಲೆಯನ್ನು ಕಂಡರು. ಕಲ್ಲು ಕಟ್ಟಿದ ಒಲೆಯ ಮೇಲೆ ಅಡ್ಡ ಮಲಗಿಸಿದ ಕಬ್ಬಿಣದ ಡ್ರಮ್ಮು. ಕೆಳಗೆ ಸೌದೆಯ ಉರಿ. ಎತ್ತರದ ಟ್ಯಾಂಕಿನಿಂದ ತಣ್ಣೀರು ಡ್ರಮ್ಮಿನ ತಳಕ್ಕೆ ಇಳಿಯುತ್ತದೆ. ಅದರ ಒತ್ತಡಕ್ಕೆ ಬಿಸಿನೀರು ಮೇಲಿನ ಕೊಳವೆಯಿಂದ ಬಚ್ಚಲಿಗೆ ಹರಿಯುತ್ತದೆ. ಹಂಡೆಯನ್ನು ಕೋಣೆಯಿಂದ ಹೊರಗೆ ತಂದು ಮಲಗಿಸಿದ ಹಾಗೆ! ಅಪ್ಪಯ್ಯ ಕೊಳವೆಯನ್ನು ಮುಟ್ಟಿ ನೋಡಿದರು, ಬೂದಿ ಕೆದಕಿದರು. ಅಲ್ಲಿ ಉರಿಸುವುದು ಕ್ಯಾಮಲ್‌ಥಾರ್ನ್ ಎಂಬ ಮುಳ್ಳುಮರದ ಕಟ್ಟಿಗೆ; ಕಲ್ಲಿನಷ್ಟು ಗಟ್ಟಿ. ಒಂದು ತುಂಡನ್ನು ಕೈಯಲ್ಲಿ ತೂಗಿ, "ಇದು ಹೊತ್ತಿಕೊಳ್ಳುವುದಕ್ಕೆ ಹಟ ಮಾಡುತ್ತದೆ, ಹೊತ್ತಿಕೊಂಡಿತೆಂದರೆ ಬೆಳಗಿನ ತನಕ ಕೆಂಡ ಇರುತ್ತದೆ" ಎಂದರು. ಮರುದಿನ ನಾಲ್ಕೂವರೆಗೆ ಟೆಂಟಿನ ಏಣಿ ಕಿರುಗುಟ್ಟಿತು. ಆರಕ್ಕೆ ನಾವು ಇಳಿಯುವಷ್ಟರಲ್ಲಿ ನೀರು ಕಾದಿತ್ತು, ಪಕ್ಕದ ಟೆಂಟಿನ ಜರ್ಮನ್ ದಂಪತಿಯ ಸ್ನಾನವೂ ಮುಗಿದಿತ್ತು. ಒಲೆ ನೋಡಿಕೊಳ್ಳುವ ಹುಡುಗನೂ ಅಪ್ಪಯ್ಯನೂ ಭಾಷೆಯ ಹಂಗಿಲ್ಲದೆ ಕಟ್ಟಿಗೆ ಜೋಡಿಸುವ ಕ್ರಮದ ಬಗ್ಗೆ ವಾದಿಸುತ್ತಿದ್ದರು.

ಊಟದ ಚಿಂತೆ ಬೇಡ. ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಒಯ್ದಿದ್ದೆವು. ಅಂಗಡಿಗಳಲ್ಲಿ ಒಮಾಯೆರೆ ಎಂಬ ಹುಳಿಹಾಲು ಸಿಗುತ್ತದೆ. ಅನ್ನಕ್ಕೆ ಕಲಸಿ ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಟ್ಟರೆ ಮೊಸರನ್ನ ತಯಾರು.

ನಮೀಬ್ ಮರುಭೂಮಿಯ ದಿಬ್ಬಗಳಿಗೆ ಬಾಗಿಲಾದ ಸೆಸ್ರೀಮ್‌ನಲ್ಲಿ ಉಳಿಯುವುದಿದ್ದರೆ ಗೇಟಿನ ಒಳಗಿನ ಕ್ಯಾಂಪನ್ನೇ ಹಿಡಿಯಿರಿ. ಒಳಗಿದ್ದವರನ್ನು ಸೂರ್ಯೋದಯಕ್ಕೆ ಒಂದು ಗಂಟೆ ಮೊದಲೇ ಬಿಡುತ್ತಾರೆ. ಅಲ್ಲಿಂದ ಮರಳುದಿಬ್ಬಗಳ ನಡುವೆ ಅರವತ್ತು ಕಿಲೋಮೀಟರ್ ಡಾಂಬರು, ಕೊನೆಯ ಐದು ಕಿಲೋಮೀಟರ್ ಬರೀ ಮರಳು. ಗಂಡ, ಮಗಳು ದಿಬ್ಬ ಹತ್ತಿದರು. ಅಪ್ಪಯ್ಯನೂ ನಾನೂ ನಿಧಾನವಾಗಿ ಡೆಡ್‌ಫ್ಲೇಗೆ ನಡೆದೆವು. ಕೆಂಪು ದಿಬ್ಬಗಳ ನಡುವೆ ಬಿಳಿ ಜೇಡಿಯ ಬಯಲು, ಅದರಲ್ಲಿ ನಿಂತಲ್ಲೇ ಸತ್ತ ಕಪ್ಪು ಮರಗಳು. ದಿಬ್ಬಗಳು ನದಿಯನ್ನು ಅಡ್ಡಗಟ್ಟಿದಾಗ ನೀರಿಲ್ಲದೆ ಒಣಗಿ, ಆರೇಳುನೂರು ವರ್ಷಗಳಿಂದ ಹಾಗೆಯೇ ಇವೆ. ಕೊಳೆಯಲೂ ಅಲ್ಲಿ ತೇವವಿಲ್ಲ. ಸೌದೆಯಾಗಿ ಕಂಡಿದ್ದ ಅದೇ ಕ್ಯಾಮಲ್‌ಥಾರ್ನ್ ಇವು. ಅಪ್ಪಯ್ಯ ಒಂದು ಬುಡದ ಎದುರು ಕುಕ್ಕರುಗಾಲಲ್ಲಿ ಕೂತು, ಮುಟ್ಟದೆ, ಬಹಳ ಹೊತ್ತು ನೋಡಿದರು. "ಗೆದ್ದಲು ಹಿಡಿದಿಲ್ಲ. ನಮ್ಮಲ್ಲಿ ಬಿದ್ದ ಮರ ಎರಡು ಮಳೆಗೆ ಮಣ್ಣಾಗುತ್ತದೆ" ಎಂದರು. ಆ ಮಾತಿನಲ್ಲಿ ಅಚ್ಚರಿಗಿಂತ ಮರುಕವೇ ಹೆಚ್ಚಿತ್ತು.

ಕಡಲತಡಿಯ ಸ್ವಾಕೋಪ್‌ಮುಂಡ್‌ನ ಮಂಜು, ಸ್ಪಿಟ್ಸ್‌ಕೊಪ್ಪೆಯ ಬಂಡೆಗಳು ಚೆನ್ನ, ಆದರೆ ನನ್ನ ಮನಸ್ಸು ನಿಂತದ್ದು ಎಟೋಶಾದಲ್ಲಿ. ಒಕಾಕುಯೊ ಕ್ಯಾಂಪಿನ ಬೇಲಿಗೆ ತಾಗಿದಂತೆಯೇ ಒಂದು ನೀರುಗುಂಡಿ. ರಾತ್ರಿಯಿಡೀ ಮಂದ ದೀಪ. ಗಿಡ್ಡ ಗೋಡೆಯ ಈಚೆ ಬೆಂಚುಗಳಲ್ಲಿ ಕೂತು ನೋಡುವುದು. ಒಂದು ಜಿರಾಫೆ ಬಂತು. ಮುಂಗಾಲು ಅಗಲಿಸಿ ಬಗ್ಗಿದರೆ ಥಟ್ಟನೆ ಓಡಲಾರದು, ಅದಕ್ಕೆ ಅದರ ಅಂಜಿಕೆ. ಕಾಲು ಅಗಲಿಸುವುದು, ಕತ್ತು ಅರ್ಧ ಇಳಿಸುವುದು, ಮತ್ತೆ ನೆಟ್ಟಗೆ ನಿಂತು ಕತ್ತಲೆಯನ್ನು ದಿಟ್ಟಿಸುವುದು. ಕಡೆಗೆ ಕುಡಿಯಿತು. ಆಮೇಲೆ ಕರಿ ಘೇಂಡಾಮೃಗ ಮರಿಯೊಡನೆ ಬಂದಾಗ ಮಗಳು ಅಜ್ಜನ ತೋಳು ಬಿಗಿಹಿಡಿದಳು. ಅಪ್ಪಯ್ಯ ತಮ್ಮ ನಿಯಮ ಮುರಿದದ್ದು ಆ ಒಂದು ರಾತ್ರಿ, ಹನ್ನೊಂದಾದರೂ ಏಳಲೊಲ್ಲರು. "ಕೂಸೇ, ಇನ್ನೊಂದು ಬರುತ್ತದೆ, ಕೂತಿರು."

ಹಿರಿಯರನ್ನು ಕರೆದೊಯ್ಯುವವರಿಗೆ ಒಂದೆರಡು ಮಾತು. ಟೆಂಟಿನ ಏಣಿ ಕಡಿದು, ಮೆಟ್ಟಿಲು ಕಿರಿದು. ರಾತ್ರಿ ಇಳಿಯಬೇಕಾದವರಿಗೆ ತಲೆಗೆ ಕಟ್ಟುವ ಟಾರ್ಚ್ ಕೊಡಿ, ಶೌಚಾಲಯಕ್ಕೆ ಹತ್ತಿರದ ಜಾಗವನ್ನೇ ಕೇಳಿ ಪಡೆಯಿರಿ. ಮರುಭೂಮಿಯೆಂದು ನಂಬಿ ಸ್ವೆಟರ್ ಬಿಡಬೇಡಿ, ಇರುಳಿನ ಚಳಿ ಮೂಳೆಗಿಳಿಯುತ್ತದೆ. ಎಟೋಶಾದ ಕ್ಯಾಂಪುಗಳನ್ನು ತಿಂಗಳುಗಟ್ಟಲೆ ಮುಂಚೆ ಕಾದಿರಿಸಿ. ಮತ್ತು ಮಗ್ಗುಲು ಬದಲಿಸಿದರೆ ಇಡೀ ಕಾರು ಅಲುಗುತ್ತದೆ, ಅದನ್ನು ಅವರಿಗೆ ಮೊದಲೇ ಹೇಳಿಬಿಡಿ.